ಪೆಂಡುರ್ತಿಯ ಗದ್ದೆ, ವಿಶಾಖಪಟ್ಟಣದ ಬಂದರು

ಬೆಳಕು ಹರಿಯುವ ಹೊತ್ತಿಗೆ ಪೆಂಡುರ್ತಿಯ ರೈತುಬಜಾರಿನ ಮುಂದೆ ಆಟೋಗಳು ಸಾಲುಗಟ್ಟುತ್ತವೆ. ಬದನೆ, ಬೆಂಡೆ, ತೊಂಡೆ, ಒದ್ದೆ ಗೋಣಿಯಲ್ಲಿ ಸುತ್ತಿದ ಪುಂಡಿಸೊಪ್ಪು ಇಳಿಯುತ್ತವೆ. ಸೊಪ್ಪಿನ ಕಟ್ಟುಗಳ ಮೇಲೆ ನೀರು ಚಿಮುಕಿಸುತ್ತ ಹೆಂಗಸರು ಏರುದನಿಯಲ್ಲಿ ದರ ಕೂಗುತ್ತಾರೆ. ಒಂದು ದಿಕ್ಕಿಗೆ ಸಿಂಹಾಚಲದ ಬೆಟ್ಟಸಾಲು. ರೈಲು ಹಳಿಯ ಮೇಲೆ ಛತ್ತೀಸಗಢದ ಕಿರಂದುಲಿನ ಕಬ್ಬಿಣದ ಅದಿರು ತುಂಬಿದ ವ್ಯಾಗನ್ನುಗಳು ಬಂದರಿನ ಕಡೆಗೆ ಉರುಳುತ್ತವೆ. ವಿಶಾಖಪಟ್ಟಣದ ಊಟದ ಒಂದು ಪಾಲು ಹೊರಡುವುದು ಇಂಥ ಅಂಚಿನ ಊರುಗಳಿಂದಲೇ.

ಊರು ದಾಟಿದರೆ ಗದ್ದೆ. ಒಂದು ಮಡಿಯಲ್ಲಿ ಭತ್ತ ತೆನೆ ಬಾಗಿಸಿ ನಿಂತಿದೆ, ಬದುವಿನುದ್ದಕ್ಕೂ ತೊಗರಿ ಗಿಡಗಳಿವೆ. ಪಕ್ಕದ ಮಡಿಗೆ ಕೆಂಪು ಗ್ರಾವೆಲ್ ಸುರಿದು ಆಳೆತ್ತರ ಏರಿಸಿದ್ದಾರೆ. ಸುಣ್ಣ ಬಳಿದ ಗಡಿಕಲ್ಲುಗಳ ಮೇಲೆ ಕಪ್ಪು ಬಣ್ಣದಲ್ಲಿ ಸೈಟಿನ ನಂಬರು. ಕೆರೆಯಿಂದ ಬರುತ್ತಿದ್ದ ಕಾಲುವೆ ಆ ಮಣ್ಣಿನಡಿ ಮುಚ್ಚಿಹೋಗಿದೆ. ಬದುವಿನ ಮೇಲೆ ಕೂತಿದ್ದ ಹಿರಿಯರೊಬ್ಬರು ತೆಲುಗಿನಲ್ಲಿ ಹೇಳಿದರು: "ನಾನು ಮಾರಲಿಲ್ಲ ಬಾಬು. ಮೇಲಿನ ಗದ್ದೆಯವರು ಮಾರಿದರು, ನನ್ನ ನೀರು ಹೋಯಿತು."

ಹೀಗೆ ಗದ್ದೆ ಕರಗಿದರೆ ಅಲುಗುವ ಅನ್ನದ ಭದ್ರತೆ ಎಂದರೇನು ಎಂಬುದನ್ನು ಈ ಕರಾವಳಿ ಒಮ್ಮೆ ಕಣ್ಣಾರೆ ಕಂಡಿದೆ. 1942ರ ಏಪ್ರಿಲ್ 6ರಂದು ಜಪಾನಿನ ವಿಮಾನಗಳು ವಿಶಾಖಪಟ್ಟಣದ ಮೇಲೆ ಬಾಂಬು ಹಾಕಿದವು. ಅದೇ ದಿನ ಕಾಕಿನಾಡದ ಮೇಲೂ ಬಿದ್ದವು. ಜನ ಪಾತ್ರೆಪರಡಿ ಕಟ್ಟಿಕೊಂಡು ಒಳನಾಡಿನ ಹಳ್ಳಿಗಳಿಗೆ ಹೊರಟರು. ಅದಕ್ಕಿಂತ ದೊಡ್ಡ ಪೆಟ್ಟು ತಿಂಗಳ ಮೊದಲೇ ಬಿದ್ದಿತ್ತು. ಮಾರ್ಚಿನಲ್ಲಿ ರಂಗೂನು ಜಪಾನಿನ ಕೈಸೇರಿತ್ತು, ಬರ್ಮಾದಿಂದ ಬರುತ್ತಿದ್ದ ಅಕ್ಕಿ ನಿಂತುಹೋಗಿತ್ತು. ಶತ್ರು ಬಂದರೆ ಅವನಿಗೆ ಸಿಗಬಾರದೆಂದು ಬ್ರಿಟಿಷ್ ಸರ್ಕಾರ ಬಂಗಾಳದ ಕರಾವಳಿಯಲ್ಲಿ ಜನರ ದೋಣಿಗಳನ್ನೂ ಅಕ್ಕಿಯನ್ನೂ ತೆಗೆಸಿಹಾಕಿತು. 1943ರ ಬರಗಾಲಕ್ಕೆ ಕಾರಣಗಳು ಹಲವು, ಇವೂ ಅವುಗಳಲ್ಲಿ ಸೇರಿದ್ದವು. ಸುಮಾರು 30 ಲಕ್ಷ ಜನ ಸತ್ತರೆಂಬುದು ಅಂದಾಜು. ಶತ್ರು ಬಂಗಾಳದ ಗದ್ದೆಗೆ ಕಾಲಿಡಲೇ ಇಲ್ಲ.

ಸ್ವಾತಂತ್ರ್ಯ ಬಂದಮೇಲೂ ನಾವು ಬೇರೆಯವರ ಹಡಗಿನ ದಾರಿ ಕಾದೆವು. 1966ರಲ್ಲಿ ದೇಶಕ್ಕೆ ಬಂದ ಆಹಾರಧಾನ್ಯ ಸುಮಾರು 1 ಕೋಟಿ ಟನ್, ಅದರಲ್ಲಿ ಹೆಚ್ಚಿನದು ಅಮೆರಿಕದ ಪಿ.ಎಲ್. 480 ಆಹಾರ ನೆರವಿನ ಗೋಧಿ. ವಿಯೆಟ್ನಾಂ ಯುದ್ಧದ ಬಗ್ಗೆ ಭಾರತ ಆಡಿದ ಮಾತು ರುಚಿಸದೆ ಅಧ್ಯಕ್ಷ ಜಾನ್ಸನ್ ಆ ಗೋಧಿಯನ್ನು ಅಳೆದಳೆದು ಬಿಟ್ಟರು. ಸ್ನೇಹಿತನೇ ಹೀಗೆ ಮಾಡಿದ ಮೇಲೆ ವೈರಿಯ ಮಾತೇನು? ಅದೇ ವರ್ಷ ಕೃಷಿ ಸಚಿವ ಸಿ. ಸುಬ್ರಹ್ಮಣ್ಯಂ ಮೆಕ್ಸಿಕೋದಿಂದ 18,000 ಟನ್ ಗೋಧಿ ಬೀಜ ತರಿಸಿದರು. ಮರುವರ್ಷ ಪಶ್ಚಿಮ ಗೋದಾವರಿಯ ಅಚಂಟದಲ್ಲಿ ನೆಕ್ಕಂಟಿ ಸುಬ್ಬಾರಾವ್ ಎಂಬ ರೈತ ಹೆಚ್ಚು ಇಳುವರಿಯ ಐಆರ್-8 ತಳಿಯ ಭತ್ತ ಬೆಳೆದು ಆಂಧ್ರದ ಗದ್ದೆಗಳಿಗೆ ದಾರಿ ತೋರಿಸಿದರು.

ಹಡಗಿನಲ್ಲಿ ಕಾಳಿನ ಜೊತೆ ಪಿಡುಗೂ ಬರಬಹುದು, ಹಾಗಾಗಿ ಈಗ ಬಂದರಿನ ಕಡೆ ನೋಡೋಣ. ಹೊರದೇಶದ ಕಾಳು, ಬೀಜ, ಮರ ಬಂದಾಗ ಸಸ್ಯ ಕ್ವಾರಂಟೈನ್ ಸಿಬ್ಬಂದಿ ಚೀಲಕ್ಕೆ ಚೂಪು ಕೊಳವೆ ಚುಚ್ಚಿ ಮಾದರಿ ತೆಗೆಯುತ್ತಾರೆ, ಜರಡಿ ಹಿಡಿಯುತ್ತಾರೆ, ಭೂತಗನ್ನಡಿಯಲ್ಲಿ ನೋಡುತ್ತಾರೆ. ಅನುಮಾನ ಬಂದರೆ ವಿಷಾನಿಲ ಹಾಯಿಸುತ್ತಾರೆ, ಇಲ್ಲವೇ ಸರಕನ್ನೇ ತಿರುಗಿಸಿ ಕಳಿಸುತ್ತಾರೆ. ನಾಶಕಾರಿ ಕೀಟ ಮತ್ತು ಪಿಡುಗುಗಳ 1914ರ ಕಾಯ್ದೆ, ಸಸ್ಯ ಕ್ವಾರಂಟೈನಿನ 2003ರ ಆದೇಶ ಅವರ ಕೈಯಲ್ಲಿರುವ ಬಲ. ಹೊರಗಿನ ಪಿಡುಗು ಒಳಗೆ ಬಂದರೆ ಏನಾಗುತ್ತದೆಂದು ಶಿವಮೊಗ್ಗದವರನ್ನು ಕೇಳಬೇಕು. 2018ರ ಮೇ ತಿಂಗಳಲ್ಲಿ ಅಲ್ಲಿನ ಕೃಷಿ ವಿಜ್ಞಾನಿಗಳು ಮುಸುಕಿನ ಜೋಳದ ಸುಳಿ ಬಿಡಿಸಿ ನೋಡಿದಾಗ ಗರಗಸದ ಹೊಟ್ಟಿನಂಥ ಹಿಕ್ಕೆ, ಅದರೊಳಗೆ ಒಂದು ಹುಳು. ತಲೆಯ ಮೇಲೆ ತಲೆಕೆಳಗಾದ ವೈ ಅಕ್ಷರದ ಗುರುತು, ಬಾಲದ ಬಳಿ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ. ಅಮೆರಿಕ ಖಂಡದ ಫಾಲ್ ಸೈನಿಕ ಹುಳು ಆಫ್ರಿಕಾ ದಾಟಿ ಭಾರತದಲ್ಲಿ ಮೊದಲು ಪತ್ತೆಯಾದದ್ದು ಹಾಗೆ. ಅದೇ ವರ್ಷ ಆಂಧ್ರದ ಹೊಲಗಳಲ್ಲೂ ಕಾಣಿಸಿತು. ಅದನ್ನು ಯಾರೂ ಬೇಕೆಂದು ಕಳಿಸಿರಲಿಲ್ಲ. ಕಳಿಸಬೇಕೆನ್ನುವವನಿಗೆ ದಾರಿ ಎಷ್ಟು ಸಲೀಸು ಎಂಬುದಂತೂ ಗೊತ್ತಾಯಿತು.

ಗೊಬ್ಬರದ ಕಥೆಯೂ ಬಂದರಿಗೇ ಬಂದು ನಿಲ್ಲುತ್ತದೆ. ವಿಶಾಖಪಟ್ಟಣದಲ್ಲಿ 1967ರಿಂದ ಕೋರಮಂಡಲ್ ರಸಗೊಬ್ಬರ ಕಾರ್ಖಾನೆ ಇದೆ. ಅದಕ್ಕೆ ಬೇಕಾದ ಕಚ್ಚಾ ಸಾಮಗ್ರಿಯ ಬಹುಪಾಲು ಸಮುದ್ರ ದಾಟಿ ಬರಬೇಕು. ಪೊಟ್ಯಾಷ್ ಹೆಚ್ಚುಕಡಿಮೆ ಪೂರ್ತಿ ಹೊರಗಿನದು. 2021ರಲ್ಲಿ ಚೀನಾ ರಂಜಕದ ಗೊಬ್ಬರದ ರಫ್ತಿಗೆ ಬಿಗಿ ಹಾಕಿತು. ಅಡುಗೆ ಎಣ್ಣೆಯ ಪಾಡೂ ಇದೇ: 2022ರ ಏಪ್ರಿಲ್ ಕೊನೆಯಲ್ಲಿ ಇಂಡೋನೇಷ್ಯಾ ಪಾಮ್ ಎಣ್ಣೆಯ ರಫ್ತು ನಿಲ್ಲಿಸಿತು. ನಾವು ತಿನ್ನುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದ್ದು. ಒಗ್ಗರಣೆಗೆ ಇಡುವ ಎಣ್ಣೆಯ ಬೆಲೆಯನ್ನು ಜಕಾರ್ತಾದಲ್ಲಿ ಕೂತವರು ಏರಿಸಬಹುದು ಎಂದರೆ, ಅದು ದೇಶದ ರಕ್ಷಣೆಯ ವಿಷಯವೇ.

ಭೂಮಿಯ ವಿಷಯದಲ್ಲಿ ಕಾನೂನು ಗಟ್ಟಿಯಾಗಿದೆ. ವಿದೇಶಿಯರು ಇಲ್ಲಿ ಕೃಷಿಭೂಮಿ ಕೊಳ್ಳುವಂತಿಲ್ಲ. ಹೊರದೇಶದಲ್ಲಿ ನೆಲೆಸಿದ ನಮ್ಮವರೂ ಪಿತ್ರಾರ್ಜಿತವಾಗಿ ಪಡೆಯಬಹುದೇ ಹೊರತು ಕೊಳ್ಳಲಾಗದು. ಗಡಿ ಹಂಚಿಕೊಂಡ ದೇಶಗಳ ಬಂಡವಾಳಕ್ಕೆ ಸರ್ಕಾರದ ಒಪ್ಪಿಗೆ ಬೇಕೆಂದು 2020ರಲ್ಲಿ ನಿಯಮ ಬಂತು. ಈ ಬೇಲಿ ಇರಲೇಬೇಕು. ಆದರೆ ಬೇಲಿಯೊಳಗಿನ ಗದ್ದೆಯನ್ನು ನಾವೇ ಗ್ರಾವೆಲ್ ಸುರಿದು ಮುಚ್ಚಿದರೆ ವೈರಿಗೆ ಕೆಲಸವೇ ಉಳಿಯುವುದಿಲ್ಲ. ಸೈಟಾದ ಗದ್ದೆ ಮತ್ತೆ ಗದ್ದೆಯಾಗುವುದಿಲ್ಲ. ಅಷ್ಟು ಅಕ್ಕಿಗೆ ನಾಳೆ ಯಾರದೋ ಹಡಗನ್ನು ನೆಚ್ಚಬೇಕು.

ಹಾಗಾಗಿ ನಗರ ಬೆಳೆಯುವಾಗ ನೀರಾವರಿ ಗದ್ದೆಯನ್ನು ಮೊದಲು ಬದಿಗಿಟ್ಟು ನಕ್ಷೆ ಬರೆಯಬೇಕು. ಲೇಔಟಿಗೆ ಪರವಾನಗಿ ಕೊಡುವ ಮುನ್ನ ಕಾಲುವೆಯ ಕೊನೆಯ ಹೊಲಕ್ಕೆ ನೀರು ಹೋಗುತ್ತದೆಯೇ ಎಂದು ಅಧಿಕಾರಿ ಹೋಗಿ ನೋಡಬೇಕು. ಬಂದರಿನ ಸಸ್ಯ ತಪಾಸಣೆಗೆ ಸಾಕಷ್ಟು ಜನ, ಪ್ರಯೋಗಾಲಯ ಕೊಡಬೇಕು. ಶೇಂಗಾ, ಎಳ್ಳು ಬೆಳೆದವನಿಗೆ ಗೋಧಿ ಬೆಳೆದವನಿಗಿರುವಷ್ಟೇ ಖರೀದಿಯ ಭರವಸೆ ಸಿಗಬೇಕು. ಗಡಿ ಕಾಯುವ ಸೈನಿಕನಿಗೆ ಕೊಡುವ ಗೌರವದಲ್ಲಿ ಪೆಂಡುರ್ತಿಯ ಆ ಹಿರಿಯರಿಗೂ ಪಾಲಿದೆ. ಅವರಿಗೆ ಬೇಕಾಗಿರುವುದು ಸನ್ಮಾನವಲ್ಲ, ಕಾಲುವೆಯ ನೀರು. ಅದನ್ನು ಬಿಡಿಸಿಕೊಡುವುದು ನಮ್ಮ ಕೈಯಲ್ಲೇ ಇದೆ.