ಇಳಿದು ಹೋದವನ ಸೀಟಿಗೆ ಬಂದ ಕಟ್ಟು!

ತುಮಕೂರಿನಿಂದ ಪಾವಗಡಕ್ಕೆ ಹೊರಟ ಬಸ್ಸು. ಕೊರಟಗೆರೆಯಲ್ಲಿ ಯಾರೋ ಕಂಡಕ್ಟರ್ ಕೈಗೆ ಒಂದು ಕಟ್ಟು ಕೊಟ್ಟು, 'ಹನ್ನೆರಡನೇ ಸೀಟಿನವರಿಗೆ ಕೊಡಪ್ಪಾ' ಅಂದರು ಅಂತಿಟ್ಟುಕೊಳ್ಳಿ. ನೂಕುನುಗ್ಗಲಿನಲ್ಲಿ ಕಂಡಕ್ಟರಿಗೆ ಪುರುಸೊತ್ತಿಲ್ಲ. ಮಧುಗಿರಿಯಲ್ಲಿ ಆ ಸೀಟಿನವರು ಇಳಿದರು, ಬೇರೊಬ್ಬ ಕೂತ. ಕಂಡಕ್ಟರ್ ಮುಖ ನೋಡಲಿಲ್ಲ, ನಂಬರು ನೋಡಿ ಕಟ್ಟು ಕೊಟ್ಟುಬಿಟ್ಟ. ಒಳಗಿದ್ದದ್ದು ಅಂಗಡಿಯ ಬೀಗದ ಕೈ! ಕೂತವನು ಕಳ್ಳನಾಗಿದ್ದರೆ ಗತಿ ಏನು?

ಇಂಥದೇ ಎಡವಟ್ಟು ನಮ್ಮ ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನಲ್ಲೂ ಆಗಿತ್ತು ಅಂದರೆ ನಂಬುತ್ತೀರಾ?

ಫೋನಿನೊಳಗೆ ಎಲ್ಲಕ್ಕೂ ಯಜಮಾನ ಕರ್ನಲ್ ಎಂಬ ಪ್ರೋಗ್ರಾಂ. ಯಾವ ಆಪಿಗೆ ಮೆಮೊರಿಯಲ್ಲಿ ಎಷ್ಟು ಜಾಗ, ಯಾರು ಯಾವ ಬಾಗಿಲು ದಾಟಬೇಕು, ಎಲ್ಲಾ ಅವನದೇ ತೀರ್ಮಾನ. ಒಂದು ಆಪಿನ ಸುದ್ದಿಯನ್ನು ಇನ್ನೊಂದಕ್ಕೆ ಮುಟ್ಟಿಸಲು ಅವನ ಕೈಕೆಳಗೆ 'ಬೈಂಡರ್' ಇದೆ. ಈ ಬೈಂಡರ್ ಮೆಮೊರಿಯ ಒಂದು ಜಾಗ ಖಾಲಿ ಮಾಡಿದರೂ, ಕಾಯುವವರ ಪಟ್ಟಿಯಲ್ಲಿ ಅದರ ಹಳೇ ನಂಬರು ಹಾಗೇ ಉಳಿಯುತ್ತಿತ್ತು. ಕಳ್ಳ ಆಪು ಆ ಜಾಗದಲ್ಲಿ ಕೂತರೆ ಯಜಮಾನಿಕೆಯೇ ಅದರ ಪಾಲು! ಆಮೇಲೆ ಫೋಟೋ, ಮೆಸೇಜು, ಮೈಕು ಎಲ್ಲಾ ಬಟಾಬಯಲು.

ರಿಪೇರಿ ಆಗಿತ್ತು, ತಲುಪಲಿಲ್ಲ!

ಈ ತಪ್ಪು ಸಿಕ್ಕಿದ್ದು 2017ರ ನವೆಂಬರಿನಲ್ಲಿ. 2018ರ ಫೆಬ್ರವರಿಯಲ್ಲಿ ಲಿನಕ್ಸ್ ಕರ್ನಲ್‌ನಲ್ಲಿ ರಿಪೇರಿಯೂ ಆಯಿತು. ಆದರೆ ಆ ರಿಪೇರಿ ಎಷ್ಟೋ ಫೋನುಗಳಿಗೆ ಬರಲೇ ಇಲ್ಲ. 2019ರ ಸೆಪ್ಟೆಂಬರ್ 27ರಂದು ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡದ ಮ್ಯಾಡಿ ಸ್ಟೋನ್, ಕಳ್ಳರು ಇದನ್ನು ಆಗಲೇ ಬಳಸುತ್ತಿರುವ ಸುಳಿವಿದೆ ಎಂದು ವರದಿ ಕೊಟ್ಟರು. ಅವರ ಪಟ್ಟಿಯಲ್ಲಿ ಗೂಗಲ್‌ನ ಪಿಕ್ಸೆಲ್ 2 ಇತ್ತು. ನಮ್ಮ ಕಡೆ ಕಂಡಕಂಡವರ ಕೈಯಲ್ಲಿದ್ದ ರೆಡ್ಮಿ 5ಎ, ರೆಡ್ಮಿ ನೋಟ್ 5 ಕೂಡ ಇದ್ದವು! ಆಂಡ್ರಾಯ್ಡ್ ಲೆಕ್ಕದಲ್ಲಿ ರಿಪೇರಿ ಸೇರಿದ್ದು ಆ ಅಕ್ಟೋಬರಿನಲ್ಲಿ. ನಡುವೆ ಕಳೆದದ್ದು 20 ತಿಂಗಳು! 2020ರ ಜನವರಿಯಲ್ಲಿ ಟ್ರೆಂಡ್ ಮೈಕ್ರೋ ಕಂಪನಿಯವರು, ಇದೇ ಕಿಂಡಿಯಿಂದ ನುಗ್ಗುವ 'ಕ್ಯಾಮೆರೋ' ಎಂಬ ಆಪು ಪ್ಲೇ ಸ್ಟೋರಿನಲ್ಲೇ ಇದ್ದದ್ದನ್ನು ಬಯಲಿಗೆಳೆದರು.

ಮಧುಗಿರಿ ಬೆಟ್ಟದ ಕೋಟೆಗೆ ಬಾಗಿಲ ಮೇಲೆ ಬಾಗಿಲು. ಒಂದಕ್ಕೆ ಅಗುಳಿ ಹಾಕದಿದ್ದರೆ ಮಿಕ್ಕವು ಇದ್ದೇನು ಫಲ?

ಶಿರಾದ ಕಿರಾಣಿ ಅಂಗಡಿಯಾಗಲಿ, ಪಾವಗಡದ ಟೀ ಅಂಗಡಿಯಾಗಲಿ, ಈಗ ಗಲ್ಲಾಪೆಟ್ಟಿಗೆಯೇ ಫೋನು. ಆದ್ದರಿಂದ ಓದುಗರೇ, ಇವತ್ತೇ ಸೆಟ್ಟಿಂಗ್ಸ್ ತೆಗೆದು 'ಸೆಕ್ಯುರಿಟಿ ಪ್ಯಾಚ್' ತಾರೀಖು ನೋಡಿ. ಅಪ್‌ಡೇಟ್ ಬಂದಿದ್ದರೆ 'ನಾಳೆ' ಅನ್ನಬೇಡಿ. ತಾರೀಖು ವರ್ಷಗಟ್ಟಲೆ ಹಳೆಯದಾಗಿ, ಹೊಸದು ಬರುವುದೇ ನಿಂತಿದ್ದರೆ ಆ ಫೋನಿನಲ್ಲಿ ದುಡ್ಡಿನ ವ್ಯವಹಾರ ಬೇಡ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗಲೂ ಮೊದಲು ಇದನ್ನೇ ನೋಡಿ.

ಬೆಲೆ, ಕ್ಯಾಮೆರಾ, ಬ್ಯಾಟರಿ ಬಗ್ಗೆ ಬೋರ್ಡು ಬರೆಯುವವರು, ರಿಪೇರಿ ಎಷ್ಟು ವರ್ಷ ಬರುತ್ತದೆ ಎಂದೂ ಅದೇ ಬೋರ್ಡಿನಲ್ಲಿ ಬರೆಯಲಿ. ಫೋನು ಮಾರುವವರು ಗಮನಿಸುವರೇ?