ಗುತ್ತಿಗೆಯ ಬಾಗಿಲಲ್ಲಿ ಕೇಳುವ ಕಾಗದಗಳು

ಸರಕಾರದ ಗುತ್ತಿಗೆ ದೊಡ್ಡವರ ಪಾಲಿನದೆಂದು ಬೆಳೆಗಾರ ಬಂಧುಗಳಲ್ಲಿ ಬಹುಮಂದಿ ತಿಳಿದಿದ್ದಾರೆ. ಆದರೆ ನಮ್ಮ ಸಂಘದಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಸದಸ್ಯರಿದ್ದಾರೆ. ಅವರಲ್ಲಿ ಕೆಲವರ ಮಕ್ಕಳು ಚರಂಡಿ, ಮೋರಿಗಳ ಸಣ್ಣ ಕಾಮಗಾರಿ ಹಿಡಿಯುತ್ತಾರೆ. ಕೆಲವರು ಕಾಫಿಪುಡಿ ಗಿರಣಿ ಇಟ್ಟಿದ್ದಾರೆ. ಅವರಿಗಾಗಿ ಈ ನಾಲ್ಕು ಮಾತು.

ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆಯ ಬಗೆಗಿನ ನಮ್ಮ ರಾಜ್ಯದ ಕಾಯಿದೆ 1999ರದು. 2016ರ ತಿದ್ದುಪಡಿಯು 50 ಲಕ್ಷ ರೂಪಾಯಿವರೆಗಿನ ಕಾಮಗಾರಿಗಳಲ್ಲಿ ಶೇ. 17.15ನ್ನು ಪರಿಶಿಷ್ಟ ಜಾತಿಯ, ಶೇ. 6.95ನ್ನು ಪರಿಶಿಷ್ಟ ಪಂಗಡದ ಗುತ್ತಿಗೆದಾರರಿಗೆ ಮೀಸಲಿಟ್ಟಿತು. 2023ರಲ್ಲಿ ಈ ಮಿತಿ ಒಂದು ಕೋಟಿಗೆ ಏರಿತು.

ಬಾಗಿಲೇನೋ ತೆರೆದಿದೆ. ಒಳಹೋಗುವುದು ಹೇಗೆಂಬುದನ್ನು ನಾವು ಕಂಡದ್ದು, ನೆಂಟರ ಮದುವೆಗೆಂದು ಹೊಸಪೇಟೆಯ ಚಿತ್ತವಾಡ್ಗಿಗೆ ಹೋಗಿದ್ದಾಗ. ವಿಜಯನಗರದ ಅರಸರ ಕಾಲದ ರಾಯ, ಬಸವಣ್ಣ ಕಾಲುವೆಗಳು ಇಂದಿಗೂ ಅಲ್ಲಿಯ ಬಾಳೆ, ಕಬ್ಬಿಗೆ ನೀರುಣಿಸುತ್ತವೆ. ನೀರು ನಿಂತ ದಿನಗಳಲ್ಲೇ ಕಾಲುವೆಯ ದುರಸ್ತಿ ಮುಗಿಯಬೇಕು. ಅಲ್ಲಿನ ತರುಣ ಗುತ್ತಿಗೆದಾರನೊಬ್ಬನ ತಂದೆಯ ದಾಖಲೆಯಲ್ಲಿ ಜಾತಿ ‘ಬೇಡ’ ಎಂದಿದೆ, ಅವನ ಶಾಲೆಯ ದಾಖಲೆಯಲ್ಲಿ ‘ನಾಯಕ’ ಎಂದಿದೆ. ಎರಡೂ ಪರಿಶಿಷ್ಟ ಪಂಗಡಗಳ ಪಟ್ಟಿಯ ಒಂದೇ ನಮೂದಿನಲ್ಲಿವೆ. ಬೇಡ, ವಾಲ್ಮೀಕಿ ಎಂಬ ಹೆಸರುಗಳನ್ನು 1991ರ ತಿದ್ದುಪಡಿ ಅಲ್ಲಿ ಸೇರಿಸಿತು. ಆದರೂ ಕಚೇರಿಯೊಂದು ಅವನನ್ನು ಮೂರು ಸಲ ತಿರುಗಿಸಿ ಕಳಿಸಿತು. ಅಷ್ಟರಲ್ಲಿ ಟೆಂಡರಿನ ಗಡುವು ದಾಟಿತು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ‘ಹೆಸರು ನಿನ್ನದಿರಲಿ, ಕೆಲಸ ನಾನು ಮಾಡುತ್ತೇನೆ, ನಿನಗಿಷ್ಟು’ ಎಂದು ಒಬ್ಬ ಹಣವಂತರು ಅವನನ್ನು ಕೇಳಿದ್ದರಂತೆ. ‘ಹೆಸರು ನಂದು ಅಂದಮ್ಯಾಲ, ಕಾಲುವಿ ಒಡದ್ರ ಕೇಸೂ ನಂದ ಅಲ್ಲೇನ್ರಿ?’ ಎಂದ ತರುಣ. ಕೆಲಸ ಕೆಟ್ಟರೆ ಕಪ್ಪುಪಟ್ಟಿಗೆ ಸೇರುವುದು ಕಾಗದದಲ್ಲಿರುವ ಹೆಸರೇ. ಹೆಸರು ಬಾಡಿಗೆಗೆ ಕೊಟ್ಟವರಿಗೆ ಕೆಲಸದ ಅನುಭವವೂ ದಕ್ಕದು, ಮುಂದಿನ ಗುತ್ತಿಗೆಯೂ ದಕ್ಕದು.

ಇನ್ನು ಗಿರಣಿಯವರ ವಿಷಯ. ಕೇಂದ್ರದ ಇಲಾಖೆಗಳೂ ಉದ್ದಿಮೆಗಳೂ ತಮ್ಮ ಖರೀದಿಯಲ್ಲಿ ಶೇ. 25ನ್ನು ಕಿರು ಹಾಗೂ ಸಣ್ಣ ಉದ್ಯಮಗಳಿಂದ ಪಡೆಯಬೇಕು, ಅದರೊಳಗೆ ಶೇ. 4 ಪರಿಶಿಷ್ಟರ, ಶೇ. 3 ಮಹಿಳೆಯರ ಉದ್ಯಮಗಳಿಗೆ. 2012ರ ಆದೇಶದಲ್ಲಿ ಶೇ. 20 ಇದ್ದುದನ್ನು 2018ರಲ್ಲಿ ಹೀಗೆ ಹೆಚ್ಚಿಸಲಾಯಿತು. ಪಾಲುದಾರಿಕೆಯಾದರೆ ಪರಿಶಿಷ್ಟರ ಪಾಲು ಕನಿಷ್ಠ ಶೇ. 51 ಇರಬೇಕು. ಇಎಂಡಿ ಕಟ್ಟಬೇಕಿಲ್ಲ. ತಮ್ಮ ದರ ಅತಿ ಕಡಿಮೆ ದರಕ್ಕಿಂತ ಶೇ. 15ರೊಳಗೆ ಹೆಚ್ಚಿದ್ದರೂ, ಆ ಕಡಿಮೆ ದರಕ್ಕೆ ಇಳಿದು ಒಂದು ಪಾಲು ಪಡೆಯಬಹುದು. ಇದಕ್ಕೆ 2020ರ ಜುಲೈ 1ರಿಂದ ಜಾರಿಯಲ್ಲಿರುವ ಉದ್ಯಮ್ ನೋಂದಣಿ ಬೇಕು. ಅದು ಪೂರಾ ಉಚಿತ. ಮಧ್ಯವರ್ತಿಗಳಿಗೆ ಕಾಸು ಕೊಡಬೇಡಿ. ಸ್ವಂತ ಗಿರಣಿಯಲ್ಲಿ ಹುರಿದು ಪುಡಿ ಮಾಡುವವರಿಗೆ ಈ ಸೌಲಭ್ಯಗಳಿವೆ, ಬರಿದೆ ಕೊಂಡು ಮಾರುವವರಿಗಿಲ್ಲ. 2021ರಿಂದ ವ್ಯಾಪಾರಿಗಳೂ ನೋಂದಾಯಿಸಿಕೊಳ್ಳಬಹುದಾದರೂ ಅದು ಬ್ಯಾಂಕಿನ ಆದ್ಯತಾ ಸಾಲಕ್ಕೆ ಮಾತ್ರ.

ಟೆಂಡರ್ ಕರೆದ ಮೇಲೆ ಕಾಗದ ಹುಡುಕಲು ಹೊರಟರೆ ಆಗದು. ಜಾತಿ ಪ್ರಮಾಣಪತ್ರ, ಆಧಾರ್, ಪ್ಯಾನ್, ಶಾಲಾ ದಾಖಲೆಗಳಲ್ಲಿ ಹೆಸರು, ಇನಿಷಿಯಲ್ ಹೊಂದದಿರುವ ಸದಸ್ಯರು ಅವನ್ನು ಈಗಲೇ ಸಂಘದ ಕಚೇರಿಗೆ ತರಬೇಕು. ತಿದ್ದುಪಡಿಯ ಅರ್ಜಿಯನ್ನು ನಮ್ಮ ಗುಮಾಸ್ತರು ಬರೆದುಕೊಡುತ್ತಾರೆ.