ಕೆರೆ ಮೇಲಿನಿಂದಲೇ ಏಕೆ ಹೆಪ್ಪುಗಟ್ಟುತ್ತದೆ?

ಕಡು ಚಳಿಯಲ್ಲಿ ಕಾಶ್ಮೀರದ ದಾಲ್ ಸರೋವರದ ಮೇಲ್ಭಾಗ ಹೆಪ್ಪುಗಟ್ಟಿದರೂ ಅಡಿಯಲ್ಲಿ ಮೀನುಗಳು ಬದುಕಿರುತ್ತವೆ. ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವಾಗ ಕುಗ್ಗಿ, ಗಟ್ಟಿಯಾದ ಭಾಗ ತಳಕ್ಕಿಳಿಯುವುದನ್ನು ನೀವು ನೋಡಿರಬಹುದು. ನೀರಿನ ರೀತಿಯೇ ಬೇರೆ. ತಣ್ಣಗಾದಂತೆ ಅದೂ ಕುಗ್ಗಿ ಭಾರವಾಗುತ್ತದೆ, ಆದರೆ 4 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ. ಅದಕ್ಕಿಂತ ತಣಿದರೆ ಹಿಗ್ಗತೊಡಗುತ್ತದೆ. ಅಣುಗಳ ಓಡಾಟ ತಗ್ಗಿದಂತೆ ಅವು ಜಲಜನಕದ ಬಂಧದಿಂದ ಕೈಕೈ ಹಿಡಿದು, ನಡುವೆ ಪೊಳ್ಳು ಜಾಗ ಬಿಟ್ಟು ನಿಲ್ಲುವುದೇ ಇದಕ್ಕೆ ಕಾರಣ. ಹೀಗಾಗಿ 4 ಡಿಗ್ರಿಯ ಭಾರದ ನೀರು ತಳ ಸೇರುತ್ತದೆ. ಹಗುರವಾದ ಮಂಜುಗಡ್ಡೆ ಮೇಲೆ ತೇಲಿ ಹೊದಿಕೆಯಾಗುತ್ತದೆ.

ಮೀನಿಗೆ ಒಳಿತಾದದ್ದು ಪಂಪಿಗೆ ಕೇಡು! ಮಂಜುಗಡ್ಡೆಯಾಗುವಾಗ ನೀರಿನ ಗಾತ್ರ ಸುಮಾರು ಶೇಕಡಾ 9ರಷ್ಟು ಹೆಚ್ಚುವುದರಿಂದ, ಹಿಮ ಬೀಳುವ ಸೀಮೆಯ ರೈತರು ಚಳಿಗೆ ಮೊದಲೇ ಪಂಪು, ಕೊಳವೆಗಳ ನೀರನ್ನು ಬಸಿಯದಿದ್ದರೆ ಎರಕದ ಕಬ್ಬಿಣವೂ ಸೀಳುತ್ತದೆ. ನಮ್ಮಲ್ಲಿ ಆ ಭಯವಿಲ್ಲ. ನೀರು ತುಂಬಿದ ಗಾಜಿನ ಸೀಸೆಯನ್ನು ಫ್ರಿಜ್ಜಿನ ಮಂಜುಗಡ್ಡೆ ಕಟ್ಟುವ ಭಾಗದಲ್ಲಿ ಮಾತ್ರ ಇಡಬೇಡಿ.